ಭಾನುವಾರದ ರಿಪೋರ್ಟು

ರಾಣೆಬೆನ್ನೂರು,
ಶನಿವಾರ, ೨೨ ಮಾರ್ಚ್ ೨೦೨೫

ಪ್ರೀತಿಯ ಅಮ್ಮಾ,

ಅಸ್ಸಲಾಮು ಅಲೈಕುಮ್. ಮೊಣಕಾಲು ಈಗ ಹೇಗಿದೆ? ಮಕ್ಕಾದಲ್ಲಿ ಕಾಬಾದ ಸುತ್ತ ತವಾಫ್ ಮುಗಿಸಿದ ಮೇಲೆ ಮೆಟ್ಟಿಲು ಹತ್ತಲಾಗದೆ ಸಲ್ಮಾ ಮಾಮಿಯ ಭುಜ ಹಿಡಿದುಕೊಂಡೆ ಎಂದು ಹೇಳಿದ್ದೆಯಲ್ಲ, ನಾನು ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೊಂಡೆಯೋ ಅಥವಾ ಅದನ್ನೂ ಯಾರಿಗೋ ದಾನ ಮಾಡಿಬಿಟ್ಟೆಯೋ? ಬಿಪಿ ಗುಳಿಗೆ ತಪ್ಪಿಸಿಲ್ಲ ಎಂದು ನಂಬಿದ್ದೇನೆ. ನಂಬಿಕೆ ಪೂರ್ತಿ ಇಲ್ಲದ್ದರಿಂದ ನಿನ್ನ ಅಳಿಯ ಮುಸ್ತಾಕ್ ದುಲಾಭಾಯಿಯ ಕೈಯಲ್ಲಿ ನಾಲ್ಕು ಗುಳಿಗೆ ಕಳಿಸಿದ್ದೇನೆ, ಮುಂದೆ ಓದುವ ಮೊದಲು ಒಂದನ್ನು ನುಂಗು. ನೀನು ಪ್ರಯಾಣದಲ್ಲಿದ್ದೀ, ರಮಜಾನಿನ ರೋಜಾ ಮಾಫಿ ಇದೆ, ಉಪವಾಸದ ನೆವ ಹೇಳಬೇಡ. ವಿಮಾನದಿಂದ ಇಳಿದ ನಿನ್ನನ್ನೂ ಫಿರೋಜ್ ಮಾಮೂ, ಮಾಮಿಯನ್ನೂ ಬೆಂಗಳೂರಿನಲ್ಲಿ ರೈಲು ಹತ್ತಿಸಿ ಕರೆತರುವ ಕೆಲಸ ದುಲಾಭಾಯಿಯದು. ರೈಲು ಹೊರಟ ಮೇಲೆಯೇ ಈ ಪತ್ರ ಕೊಡಬೇಕು ಎಂದು ಅವರಿಗೆ ಎರಡು ಸಲ ಹೇಳಿದ್ದೇನೆ. ಮೊದಲೇ ಕೊಟ್ಟರೆ ನೀನು ಪ್ಲಾಟ್‌ಫಾರ್ಮಿನ ಮೇಲೆಯೇ ಕೂತುಬಿಡುವವಳು. ತುಮಕೂರು ಬರುವುದರೊಳಗೆ ಓದಿ ಮುಗಿಸು, ದಾವಣಗೆರೆ ತನಕ ಅಳು, ಹರಿಹರದಲ್ಲಿ ಮುಖ ತೊಳೆದುಕೋ. ಟಿಕೆಟ್ ಬ್ಯಾಡಗಿಗೆ ಇದ್ದರೂ ರಾಣೆಬೆನ್ನೂರಿನಲ್ಲೇ ಇಳಿಯಬೇಕು. ಅಬ್ಬಾ ಇಲ್ಲಿ ಮಗಳು-ಅಳಿಯನ ಹತ್ತಿರ, ಕೈಸರ ಆಪಾನ ಮನೆಯಲ್ಲಿದ್ದಾರೆ.

ಅಬ್ಬಾ ಚೆನ್ನಾಗಿದ್ದಾರೆ. ಈ ಮಾತನ್ನು ಇನ್ನೊಮ್ಮೆ ಓದಿಕೊಂಡು ಮುಂದೆ ಹೋಗು. ಇವತ್ತು ಬೆಳಿಗ್ಗೆ ಅರ್ಧ ಬಟ್ಟಲು ಗಂಜಿ ಕುಡಿದು, ಉಪ್ಪು ಕಡಿಮೆ ಎಂದು ಆಪಾನನ್ನು ಬೈದಿದ್ದಾರೆ. ಅಂದಮೇಲೆ ನೀನು ಬಿಟ್ಟು ಹೋದಾಗ ಹೇಗಿದ್ದರೋ ಹಾಗೆಯೇ ಇದ್ದಾರೆ, ಎಂಟು ಕೆಜಿ ಇಳಿದಿದ್ದಾರೆ ಅಷ್ಟೇ. ನೀನು ಹೊರಟ ಮೂರನೆಯ ದಿನ, ಅಂದರೆ ಏಳನೆಯ ತಾರೀಖು ಶುಕ್ರವಾರ, ಅವರಿಗೆ ಮೈ ಕೆಟ್ಟಿತು. ಹೊಟ್ಟೆಯ ಹಿಂದೆ ಇರುವ ಪ್ಯಾಂಕ್ರಿಯಾಸ್ ಎಂಬ ಗ್ರಂಥಿಗೆ ಬಾವು ಬಂತು. ಪಿತ್ತಕೋಶದ ಒಂದು ಸಣ್ಣ ಹರಳು ಜಾರಿ ದಾರಿಯಲ್ಲಿ ಸಿಕ್ಕಿಕೊಂಡದ್ದೇ ಕಾರಣ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ ಐದು ದಿನ ಹುಬ್ಬಳ್ಳಿಯ ಐಸಿಯುನಲ್ಲಿ. ಇದರಲ್ಲಿ ಒಂದಕ್ಷರವನ್ನೂ ನಾವು ನಿನಗೆ ಹೇಳಲಿಲ್ಲ.

ಹೇಳದಿರಲು ಅಬ್ಬಾನ ಆಣೆ. ನಿನಗೆ ಗೊತ್ತೇ ಇದೆ, ಅವರು ಪ್ರೀತಿಯನ್ನು ಉರ್ದುವಿನಲ್ಲೂ ಆಣೆಯನ್ನು ಕನ್ನಡದಲ್ಲೂ ಮಾಡುವ ಮನುಷ್ಯ. ನೋವಿನಲ್ಲಿ ಮುದುಡಿ ಕೂತೇ ನನ್ನ ಕೈ ಹಿಡಿದು, “ನಿಮ್ಮವ್ವ ಇಪ್ಪತ್ತು ವರ್ಷದಿಂದ ಕಂಡ ಕನಸೈತಿ ಅದು. ಅಕೀಗೆ ಹೇಳಿದ್ರ ನನ್ನ ಮ್ಯಾಲಾಣಿ ಐತಿ ನೋಡು. ಅರ್ಧಕ್ಕ ಬಿಟ್ಟು ಓಡಿ ಬರತಾಳ ಅಕಿ,” ಅಂದರು. ಹಾಗಾಗಿ ನೀನು ದಿನಾ ಫೋನ್ ಮಾಡಿದಾಗ ಅಬ್ಬಾ ಒಮ್ಮೆ ರಾತ್ರಿಯ ನಮಾಜು ತರಾವೀಹ್‌ಗೆ ಹೋದರು, ಒಮ್ಮೆ ಮಲಗಿದರು. ಮೂರನೆಯ ದಿನಕ್ಕೆ ನೆವಗಳು ಮುಗಿದು, ಅವರ ಫೋನು ಮೆಣಸಿನಕಾಯಿ ಚೀಲದೊಳಗೆ ಜಾರಿ ಬಿದ್ದು, ಚೀಲ ಹೊಲಿದು, ಲಾರಿ ಗುಂಟೂರಿಗೆ ಹೋಗಿಬಿಟ್ಟಿದೆ ಎಂದು ನಾನು ಹೇಳಿದೆ. ನೀನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಆ ಫೋನು ಸಿಗಲೆಂದು ಅಲ್ಲಿ ನಿಂತು ದುವಾ ಬೇರೆ ಮಾಡಿದೆ. ಆಪಾ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತ ನಕ್ಕಳು. ಹದಿಮೂರರಿಂದ ಅಬ್ಬಾ ನನ್ನ ಫೋನಿನಲ್ಲಿ ತಾವೇ ಮಾತಾಡಿದರಲ್ಲ, ಧ್ವನಿ ಯಾಕೆ ಸಣ್ಣದಾಗಿದೆ ಎಂದು ನೀನು ಕೇಳಿದಾಗ ರೋಜಾ ಎಂದರಲ್ಲ, ಅದು ಆಸ್ಪತ್ರೆಯ ಮಂಚದಿಂದ.

ಈಗ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಗುರುವಾರದ ಪೇಟೆಯ ಮಾಲು ಶುಕ್ರವಾರ ಲಾರಿಗೆ ಏರುತ್ತದೆ. ಜುಮ್ಮಾ ನಮಾಜು ಮುಗಿಸಿದ ಅಬ್ಬಾ ಪರಮೇಶಪ್ಪನವರ ದಲಾಲಿ ಅಂಗಡಿಯ ಮುಂದೆ, ಬಿಸಿಲಿನಲ್ಲಿ, ಹಮಾಲರಿಂದ ಚೀಲ ಏರಿಸುತ್ತಿದ್ದರು. ಮೂರೂವರೆಗೆ ಹೊಟ್ಟೆಯ ಮೇಲುಭಾಗದಲ್ಲಿ ನೋವು ಹೊಡೆದು ಬೆನ್ನಿಗೆ ಹೊರಳಿತು. ನಮ್ಮ ಪಕ್ಕದ ಮನೆಯ ಚೌಡವ್ವ ಅಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದವಳು ನೋಡಿ, ಅಂಗಡಿಯೊಳಗೆ ಓಡಿದಳು. “ಸಾವಕಾರ್ರ, ದಾದಾಸಾಬಣ್ಣ ಚೀಲಕ್ಕ ಹೊಟ್ಟಿ ಒತ್ತಿ ಕುಂತಾನ, ಮಾರಿ ಬೂದಿಬಣ್ಣ ಆಗೇತಿ, ಲಗೂ ಬರ್ರಿ,” ಎಂದು ಕೂಗಿದಳಂತೆ. ಅಬ್ಬಾ ಮಾತ್ರ ಗ್ಯಾಸು ಗ್ಯಾಸು ಎಂದರು. ಬೆಳಗಿನ ಜಾವದ ಸೆಹ್ರಿ ಊಟಕ್ಕೆ ಹಿಂದಿನ ದಿನದ ಬಜಿ ಬಿಸಿ ಮಾಡಿಕೊಂಡು ತಿಂದಿದ್ದರು ಎಂದು ಆಮೇಲೆ ಗೊತ್ತಾಯಿತು. ನೀನು ಊರಲ್ಲಿ ಇಲ್ಲದಿದ್ದರೆ ಅವರ ಊಟ ಇಷ್ಟೇ. ಪರಮೇಶಪ್ಪನವರು ತಮ್ಮ ಕಾರಿನಲ್ಲೇ ರಾಣೆಬೆನ್ನೂರಿಗೆ, ನಾನು ಕೆಲಸ ಮಾಡುವ ನರ್ಸಿಂಗ್ ಹೋಮಿಗೆ ಕರೆತಂದರು. ಐದು ಗಂಟೆಗೆ ನಾನೇ ರಕ್ತ ತೆಗೆದೆ. ಒಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಜನರ ರಕ್ತ ತೆಗೆದಿದ್ದೇನೋ ನನಗೇ ಗೊತ್ತಿಲ್ಲ, ಅಬ್ಬಾನದು ಇದೇ ಮೊದಲು. ಒಂದೇ ಸಲಕ್ಕೆ ನರ ಸಿಕ್ಕಿತು. ಅಬ್ಬಾನ ಹಟ ಕೇಳು: ರಕ್ತ ಕೊಟ್ಟರೆ ರೋಜಾ ಮುರಿಯುವುದಿಲ್ಲ, ತೊಗೊ, ಸಲೈನು ಮಾತ್ರ ಹೊತ್ತು ಮುಳುಗಿ ಮಗ್ರಿಬ್ ಆಜಾನ್ ಆಗುವ ತನಕ ಬೇಡ. ಚನ್ನೇಶ ಡಾಕ್ಟರು ಬೇಡಿಕೊಂಡರು, ನಾನು ರೇಗಿದೆ. ಮಿಸುಕಲಿಲ್ಲ. ಒಂದೂವರೆ ತಾಸು ಹಾಗೇ ಹೋಯಿತು.

ಈ ಕಾಯಿಲೆಯ ಗಣಿತ ನಿನಗೆ ಸ್ವಲ್ಪ ತಿಳಿಸಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿನಗೆ ಅರ್ಥವಾಗುವುದಿಲ್ಲ. ರಕ್ತದಲ್ಲಿ ಅಮೈಲೇಸ್ ಎಂದು ಒಂದಿದೆ. ಅದು ಏರಿದರೆ ಪ್ಯಾಂಕ್ರಿಯಾಸಿಗೆ ಬಾವು ಬಂದಿದೆ ಎಂದು ಗೊತ್ತಾಗುತ್ತದೆ. ಅಬ್ಬಾನದು ನೂರರೊಳಗೆ ಇರಬೇಕಾದದ್ದು ಸಾವಿರದ ಒಂಬೈನೂರು ಇತ್ತು. ಆದರೆ ಅದು ಊರಲ್ಲಿ ಬೆಂಕಿ ಬಿದ್ದಿದೆ ಎಂದು ಡಂಗುರ ಹೊಡೆಯುವವನ ಹಾಗೆ, ಎಷ್ಟು ಮನೆ ಸುಡುತ್ತದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಹತ್ತರಲ್ಲಿ ಎಂಟು ಜನ ಇದರಿಂದ ವಾರದೊಳಗೆ ಎದ್ದು ಮನೆಗೆ ಹೋಗುತ್ತಾರೆ. ಉಳಿದವರಿಗೆ ಕಿಡ್ನಿ, ಪುಪ್ಪುಸ ಒಂದೊಂದೇ ಕೈಕೊಡುತ್ತವೆ. ಯಾರು ಯಾವ ಕಡೆ ಎಂದು ಮೊದಲ ಎರಡು ದಿನದಲ್ಲೇ ಅಂದಾಜು ಹೇಳುವವು ಬೇರೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೆಮಟೊಕ್ರಿಟ್, ಆಮೇಲೆ ಕಿಡ್ನಿಯ ಕೆಲಸ ತೋರಿಸುವ ಯೂರಿಯಾ, ಎರಡು ದಿನವಾದ ಮೇಲೆ ಬಾವಿನ ಜೋರು ಹೇಳುವ ಸಿಆರ್‌ಪಿ ಎಂದು ಇನ್ನೊಂದು. ಅಬ್ಬಾನ ಯೂರಿಯಾ ಐವತ್ತೆರಡು ಬಂತು, ನಲವತ್ತರೊಳಗೆ ಇರಬೇಕಿತ್ತು. ರಕ್ತವೂ ಗಟ್ಟಿಯಾಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದಾಗ ನಾನೇ ಬಾಯಿ ಹಾಕಿ, “ಸರ್, ಬೆಳಿಗ್ಗೆ ಐದಕ್ಕ ನೀರು ಬಿಟ್ಟಾರ್ರಿ, ದಿನಾ ಬಿಸಲಾಗ ನಿಂತಾರ್ರಿ. ರೋಜಾದ್ದು ಅದು,” ಅಂದೆ. ಡಾಕ್ಟರಿಗೂ ಸರಿ ಅನ್ನಿಸಿತು. ನಾಳೆ ಇದೇ ಹೊತ್ತಿಗೆ ಮತ್ತೆ ನೋಡೋಣ ಎಂದರು.

ಆ ವಾರ ನಾನು ರೋಜಾ ಹಿಡಿದವರ ರಕ್ತ ಕಡಿಮೆಯೆಂದರೂ ಮೂವತ್ತು ಜನರದ್ದು ನೋಡಿದ್ದೆ ಅಮ್ಮಾ. ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರದೂ ನೋಡಿದ್ದೆ. ಯಾರದೂ ಐವತ್ತಕ್ಕೆ ಹೋಗಿರಲಿಲ್ಲ. ಬೇರೆಯವರ ಅಪ್ಪನಾಗಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಊರವರ ರಿಪೋರ್ಟಿಗೆ ಕಣ್ಣು, ಮನೆಯವರ ರಿಪೋರ್ಟಿಗೆ ಕುರುಡು!

ಮರುದಿನ ಶನಿವಾರ ಅಬ್ಬಾ ಖುಷಿಯಾಗಿಯೇ ಇದ್ದರು. ಬಾಯಿಗೆ ಒಂದು ಹನಿ ನೀರೂ ಹಾಕಬಾರದು ಎಂದು ಡಾಕ್ಟರು ಹೇಳಿದ್ದೇ ಸಾಕೆಂದು, ಕೈಗೆ ಏರುತ್ತಿದ್ದ ಸಲೈನು ಮರೆತು, ರೋಜಾ ನಡೆದೇ ಇದೆ ಎಂದು ತಿಳಿದು, “ನೋಡ್ರಿ, ದವಾಖಾನ್ಯಾಗೂ ಬಿಟ್ಟಿಲ್ಲ ನಾ,” ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡರು. ಸಂಜೆ ಅಮೈಲೇಸ್ ಒಂಬೈನೂರಕ್ಕೆ ಇಳಿದಿತ್ತು. ಕೈಸರ ಆಪಾ ಹಿಗ್ಗಿ, ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದಳು. ಬ್ಯಾಡಗಿಯಿಂದ ಬಂದ ಚೌಡವ್ವ ಕದರಮಂಡಲಗಿ ಹನುಮಪ್ಪಗೆ ಬೇಡಿಕೊಂಡಿದ್ದೆ, ಅವನೇ ಇಳಿಸಿದ ಎಂದು ದಿಂಬಿನ ಕೆಳಗೆ ಅರಿಶಿನದ ಬಂಡಾರ ಇಟ್ಟಳು. ಪರಮೇಶಪ್ಪನವರು ನಾಳೆ ಮನೆಗೆ ಎಂದರು. ಅದೇ ಹೊತ್ತಿನಲ್ಲಿ ನಾನು ಒಳಗೆ ಲ್ಯಾಬಿನಲ್ಲಿ ಯೂರಿಯಾ ನೋಡುತ್ತ ನಿಂತಿದ್ದೆ. ಅರವತ್ತೆಂಟು. ರಾತ್ರಿಯಿಂದ ಬಾಟಲಿ ಮೇಲೆ ಬಾಟಲಿ ಸಲೈನು ಏರಿದೆ. ಬರೀ ರೋಜಾದ ಒಣಗಿಕೆಯಾಗಿದ್ದರೆ ಯೂರಿಯಾ ಇಳಿಯಬೇಕು, ರಕ್ತ ತೆಳ್ಳಗಾಗಬೇಕು. ಎರಡೂ ಆಗಿರಲಿಲ್ಲ. ಮಷೀನು ತಪ್ಪಿರಬಹುದು ಎಂದು ಸಲೈನು ಇಲ್ಲದ ಕೈಯಿಂದ ಮತ್ತೊಮ್ಮೆ ರಕ್ತ ತೆಗೆದು ಹಾಕಿದೆ. ಅರವತ್ತೊಂಬತ್ತು ಬಂತು.

ಆಗ ತಲೆ ಕೆಲಸ ಮಾಡಿತು. ರಿಪೋರ್ಟು ಹಿಡಿದು ಡಾಕ್ಟರ ಮುಂದೆ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು ಸರ್, ಇದು ರೋಜಾ ಅಲ್ಲ ಎಂದೆ. ಅವರು ಒಂದು ನಿಮಿಷವೂ ತಡ ಮಾಡಲಿಲ್ಲ. ಐಸಿಯು ಇರುವ ಕಡೆ ಈಗಲೇ ಹೋಗಬೇಕು ಎಂದು ಹುಬ್ಬಳ್ಳಿಗೆ ಫೋನ್ ಮಾಡಿದರು. ಮನೆಯವರನ್ನು ಒಪ್ಪಿಸುವುದು ಡಾಕ್ಟರನ್ನು ಒಪ್ಪಿಸಿದಷ್ಟು ಸುಲಭವಿರಲಿಲ್ಲ. ಆಪಾ ಸಕ್ಕರೆಯ ಪ್ಲೇಟು ಕೈಯಲ್ಲೇ ಹಿಡಿದು, “ಅರ್ಧಕ್ಕರ್ಧ ಇಳದೈತಿ ಅಂತ ನೀನ ಹೇಳಿದಿ, ಈಗ ಹುಬ್ಬಳ್ಳಿ ಅಂತಿ. ತಲಿ ಸುದ್ದ ಐತಿಲ್ಲ ನಿಂದು?” ಎಂದು ನನ್ನ ಮೇಲೆ ಏರಿ ಬಂದಳು. ದುಲಾಭಾಯಿ ಬೀಜದ ಕಂಪನಿಯಲ್ಲಿ ಕೆಲಸ ಮಾಡುವವರಲ್ಲವೇ, ಅವರಿಗೆ ಹೇಳಿದೆ: ಬೀಜ ಮೊಳೆತ ದಿನ ಬೆಳೆ ಹೇಗಾಗುತ್ತದೆ ಎಂದು ಗೊತ್ತಾಗುತ್ತದೆಯೇ, ಎರಡನೆಯ ವಾರ ಎಲೆ ನೋಡಿ ತಾನೇ ಹೇಳುವುದು? ಅವರು ಆಂಬುಲೆನ್ಸ್ ಕರೆಯಲು ಹೋದರು. ಅಬ್ಬಾ ಮಾತ್ರ, ಇಷ್ಟು ವರ್ಷ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅಲುಗಿಸಿ ಎಷ್ಟು ಒಣಗಿದೆ ಎಂದು ಹೇಳಿದ ಮನುಷ್ಯ, ನನ್ನನ್ನು ಕೇಳಿದರು: “ನಿನ್ನ ಮಷೀನು ಖರೇ ಹೇಳತೈತೇನವಾ?” ಹೌದು ಅಬ್ಬಾ ಎಂದೆ. “ಹಂಗಾರ ನಡಿ,” ಅಂದರು. ನನಗೆ ಆ ಒಂದು ಮಾತು ಸಾಕಾಯಿತು. ಜಗತ್ತೇ ಬೇಡ ಎಂದಿದ್ದರೂ ನಾನು ಕರೆದುಕೊಂಡೇ ಹೋಗುತ್ತಿದ್ದೆ.

ಮೋಟೆಬೆನ್ನೂರು ದಾಟುವಾಗ ಆಜಾನ್ ಕೇಳಿಸಿತು. ಆಂಬುಲೆನ್ಸಿನಲ್ಲೇ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ರೋಜಾ ಬಿಟ್ಟೆ. ಅಬ್ಬಾ ನನ್ನ ಖರ್ಜೂರವನ್ನೇ ನೋಡುತ್ತಿದ್ದರು. ಬೀಜ ಉಗುಳಲೂ ನಾಚಿಕೆಯಾಗಿ ಬಹಳ ಹೊತ್ತು ದವಡೆಯಲ್ಲೇ ಇಟ್ಟುಕೊಂಡಿದ್ದೆ. ನಾವು ಹೋದ ಕೂಡಲೇ ಹುಬ್ಬಳ್ಳಿಯವರು ಐಸಿಯು ಒಳಗೆ ಹಾಕಿಕೊಂಡರು. ಭಾನುವಾರ ಕೆಟ್ಟ ದಿನ, ಅದನ್ನು ಇಲ್ಲಿ ಬರೆಯುವುದಿಲ್ಲ. ಸೋಮವಾರ ಉಸಿರಾಟಕ್ಕೆ ಆಕ್ಸಿಜನ್ ಸಾಕಾಯಿತು, ವೆಂಟಿಲೇಟರ್ ಬೇಕಾಗಲಿಲ್ಲ. ಮಂಗಳವಾರ ಯೂರಿಯಾ ಐವತ್ತೆಂಟಕ್ಕೆ ಬಂತು, ಬುಧವಾರ ನಲವತ್ತಾರು. ಮೂತ್ರ ಸರಿಯಾಗಿ ಆಯಿತು. ಮೂಗಿನ ಕೊಳವೆಯಲ್ಲಿ ಹಾಲಿನಂಥ ಆಹಾರ ಕೊಟ್ಟರು. ಗುರುವಾರ ವಾರ್ಡಿಗೆ ತಂದಾಗ ಅಬ್ಬಾ ಕೇಳಿದ ಮೊದಲ ಪ್ರಶ್ನೆ ಪೇಟೆಯಲ್ಲಿ ಎಷ್ಟು ಚೀಲ ಬಂದಿವೆ ಎಂದು. ಒಂದು ದಿನ ತಡವಾಗಿದ್ದರೆ ಕಿಡ್ನಿ ಕೈಬಿಡುತ್ತಿತ್ತು, ಸರಿಯಾದ ಹೊತ್ತಿಗೆ ತಂದಿರಿ ಎಂದು ಅಲ್ಲಿಯ ದೊಡ್ಡ ಡಾಕ್ಟರಮ್ಮ ಎಲ್ಲರ ಎದುರು ಹೇಳಿದರು. ಆಪಾ ನನ್ನ ಕೈ ಒತ್ತಿದಳು. ಈಗ ಬ್ಯಾಡಗಿ ಪೇಟೆಯ ತುಂಬ ದಾದಾಸಾಬನ ಮಗಳು ಯಂತ್ರದಲ್ಲಿ ರಕ್ತ ನೋಡಿ ಅಪ್ಪನನ್ನು ಉಳಿಸಿದಳು ಎಂಬ ಸುದ್ದಿ ಇದೆ. ಚೌಡವ್ವ ತನ್ನ ಮೊಮ್ಮಗಳನ್ನೂ ಲ್ಯಾಬಿನ ಕೋರ್ಸಿಗೇ ಹಾಕುತ್ತಾಳಂತೆ. ನನ್ನ ಮದುವೆಯ ಚಿಂತೆಯಲ್ಲಿ ನೀನು ಅಲ್ಲಿ ಎಷ್ಟು ದುವಾ ಮಾಡಿದ್ದೀಯೋ ಗೊತ್ತಿಲ್ಲ. ಇಲ್ಲಿ ಮಾತ್ರ ಎರಡು ಸಂಬಂಧ ತಾವಾಗಿ ಬಂದಿವೆ, ಎರಡರಲ್ಲೂ ಹುಡುಗನ ಅಪ್ಪನಿಗೆ ಸಕ್ಕರೆ ಕಾಯಿಲೆ!

ಇನ್ನು ನೀನು ಪಾಲಿಸಬೇಕಾದ್ದು. ಎಣ್ಣೆ, ತುಪ್ಪ, ಬಜಿ, ಮಟನ್ ಯಾವುದನ್ನೂ ಅಬ್ಬಾನ ಕಣ್ಣಿಗೂ ತೋರಿಸಬಾರದು. ಈದ್ ದಿನದ ಶೀರ್ ಖುರ್ಮಾ ಎರಡು ಚಮಚ ಮಾತ್ರ, ಅದೂ ಹಾಲಿನ ಕೆನೆ ತೆಗೆದು. ಬಾವು ಪೂರ್ತಿ ಇಳಿದ ಮೇಲೆ, ಏಪ್ರಿಲ್ ಕೊನೆಗೆ, ಪಿತ್ತಕೋಶದ ಆಪರೇಷನ್ ಇದೆ. ಶರೀಫಾಬಿ ಬಂದು ಹೂಂ ಎಂದರೆ ಮಾತ್ರ ಸಹಿ ಮಾಡುತ್ತೇನೆ ಎಂದು ನಿನ್ನ ಹೆಸರು ಹಿಡಿದು ಡಾಕ್ಟರಿಗೆ ಹೇಳಿದ್ದಾರೆ. ನೀನು ಅಲ್ಲಿಂದ ತಂದ ಖರ್ಜೂರವನ್ನು ಎಷ್ಟು ಕೊಡಬೇಕು ಎಂದು ಡಾಕ್ಟರನ್ನು ಕೇಳಿಕೊಂಡಿದ್ದೇನೆ, ಎರಡಕ್ಕೆ ಅಪ್ಪಣೆ ಸಿಕ್ಕಿದೆ. ನಿನ್ನನ್ನು ಕಂಡ ಕೂಡಲೇ ಅವರ ಕಣ್ಣು ತುಂಬುತ್ತದೆ, ನೋಡದವಳ ಹಾಗೆ ಇರು. ನೀನು ಹೋದಾಗಿನಿಂದ ನಿನ್ನ ಹಸಿರು ಶಾಲನ್ನು ಬಿಟ್ಟಿಲ್ಲ, ಚಳಿಗೆ ಎನ್ನುತ್ತಾರೆ. ಮಾರ್ಚಿನಲ್ಲಿ ರಾಣೆಬೆನ್ನೂರಿನಲ್ಲಿ ಎಂಥ ಚಳಿ, ನೀನೇ ಹೇಳು.

ಫಿರೋಜ್ ಮಾಮೂಗೆ, ಸಲ್ಮಾ ಮಾಮಿಗೆ ನನ್ನ ಸಲಾಂ. ಅವರು ಪಕ್ಕದಲ್ಲೇ ಕೂತಿರುತ್ತಾರೆ, ಸುದ್ದಿ ಹೇಳು, ಪತ್ರ ಮಾತ್ರ ಕೊಡಬೇಡ. ಅಲ್ಲಾಹ್ ನಿನ್ನ ಉಮ್ರಾ ಯಾತ್ರೆಯನ್ನು ಕಬೂಲ್ ಮಾಡಲಿ, ನಿನ್ನ ಮೊಣಕಾಲಿಗೆ ಇನ್ನೂ ನಲವತ್ತು ವರ್ಷದ ಕಸುವು ಕೊಡಲಿ. ಅಬ್ಬಾನ ಕಡೆಯಿಂದ ನಿನಗೆ ಒಂದು ಬೈಗುಳ ಇದೆ, ಯಾಕೆ ಇಷ್ಟು ದಿನ ಎಂದು. ಅದನ್ನು ಅವರ ಬಾಯಿಂದಲೇ ಕೇಳು.

ನಿನ್ನ ದುವಾದ ಮೇಲೆ ಬದುಕಿರುವ
ಮೆಹನಾಜ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ದುಲಾಭಾಯಿ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆ ಎಂದು ಕೂಗುತ್ತಿದ್ದಾರೆ. ಭಾನುವಾರದ್ದು ಬರೆಯಲೇಬೇಕು. ಆ ಸಂಜೆ ನೀನು ಮದೀನಾದಿಂದ ಫೋನ್ ಮಾಡಿ, “ಯಾಕೋ ಎದಿ ಧಸಕ್ ಅನ್ನಾಕತ್ತೈತಿ ಮೆಹನಾಜ, ನಾ ಬಂದು ಬಿಡ್ಲೇನು? ಫಿರೋಜ ಟಿಕೆಟ್ ಮಾಡಿಸ್ತೇನಿ ಅಂತಾನ,” ಎಂದು ಕೇಳಿದೆಯಲ್ಲ. ಆಗ ಎರಡು ದಿನ ತುಂಬಿದ ರಿಪೋರ್ಟು ನನ್ನ ಕೈಯಲ್ಲೇ ಇತ್ತು. ಸಿಆರ್‌ಪಿ ನೂರೈವತ್ತು ದಾಟಿದರೆ ಭಾರಿ ಎನ್ನುತ್ತಾರೆ, ಅಬ್ಬಾನದು ಇನ್ನೂರ ಎಂಬತ್ತು. ಯೂರಿಯಾ ಎಪ್ಪತ್ತೊಂಬತ್ತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ನೀವು ಇದ್ರಾಗಿನವರ ಇದ್ದೀರಿ, ನಿಮಗ ಹೇಳೂದು ಬ್ಯಾಡ. ಯಾರನ್ನ ಕರಸೂದೈತಿ, ಕರಸ್ರಿ,” ಎಂದು ಹೇಳಿ ಅರ್ಧ ತಾಸೂ ಆಗಿರಲಿಲ್ಲ. ನಾನು ಆಪಾಗೂ ತಿಳಿಸಲಿಲ್ಲ. ನಿನಗೆ, ಏನೂ ಇಲ್ಲ ಅಮ್ಮಾ, ಆರಾಮಾಗಿ ಇಬಾದತ್ ಮುಗಿಸಿಕೊಂಡು ಬಾ ಎಂದೆ. ಅಬ್ಬಾನ ಆಣೆ ನೆನಪಾಗಿ ಅಲ್ಲ. ನಿನ್ನನ್ನು ಕರೆದರೆ ಅಬ್ಬಾ ಹೋಗುತ್ತಾರೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು, ಅಷ್ಟು ಧೈರ್ಯ ನನಗಿರಲಿಲ್ಲ. ಅವರು ಉಳಿದರು, ಅದಕ್ಕೇ ಎಲ್ಲರೂ ನಾನು ಮಾಡಿದ್ದೆಲ್ಲ ಸರಿ ಎನ್ನುತ್ತಾರೆ. ಉಳಿಯದಿದ್ದರೆ ನಿನಗೆ ಅವರ ಮುಖವೂ ಸಿಗುತ್ತಿರಲಿಲ್ಲ, ತಪ್ಪಿಸಿದವಳು ನಾನಾಗಿರುತ್ತಿದ್ದೆ. ನೀನು ಬಾಯಿಬಿಟ್ಟು ಕೇಳಿದ್ದೆ ಅಮ್ಮಾ. ಇದು ಯಾರಿಗೂ ಗೊತ್ತಿಲ್ಲ, ಅಬ್ಬಾಗೂ ಇಲ್ಲ. ನಾಳೆ ಸ್ಟೇಷನ್ನಿಗೆ ನಾನೊಬ್ಬಳೇ ಬರುತ್ತೇನೆ. ಮಾಫಿ ಮಾಡಿದ್ದೇನೆ ಎಂದು ಬೇಗ ಹೇಳಬೇಡ, ಮೊದಲು ಬೈ.